ಯೋಗ ಮಾಡಿಸಿ, ರಕ್ತ ಹಾಕಿಸೋದು ಮಾತ್ರ ನಿಲ್ಲಿಸಬೇಡಿ

ಯೋಗದಿಂದ ರಕ್ತ ಹೆಚ್ಚುತ್ತದೆ ಅನ್ನೋ ವಿಡಿಯೊ ನಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಬಂದಿದೆ. ಕಳಿಸಿದವರು ಹಿರಿಯರು, ಪ್ರೀತಿಯಿಂದಲೇ ಕಳಿಸಿದ್ದಾರೆ. ನನ್ನ ಅಕ್ಕನ ಮಗನಿಗೆ ಥಲಸ್ಸೇಮಿಯಾ ಅನ್ನೋ ಹುಟ್ಟಿನಿಂದ ಬಂದ ರಕ್ತದ ಕಾಯಿಲೆ ಇರೋದು ಅವರಿಗೆ ಗೊತ್ತು. ವಿಡಿಯೊದಲ್ಲಿ ಒಬ್ಬರು ಕಪಾಲಭಾತಿ (ಹೊಟ್ಟೆ ಒಳಗೆಳೆದು ರಭಸವಾಗಿ ಉಸಿರು ಬಿಡುವ ಪ್ರಾಣಾಯಾಮ) ಮಾಡಿ ತೋರಿಸಿ, ಮೂರು ತಿಂಗಳು ಹೀಗೆ ಮಾಡಿದರೆ ರಕ್ತ ಹಾಕಿಸೋ ಗೊಡವೆಯೇ ಇರಲ್ಲ ಅನ್ನುತ್ತಾರೆ. ಗ್ರೂಪಿನಲ್ಲಿ ಜಗಳ ಯಾಕೆ ಅಂತ ಸುಮ್ಮನಿದ್ದೆ. ಇಲ್ಲಿ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ಯೋಗದ ವಿರೋಧಿ ಅಲ್ಲ. ರಾಯಚೂರಿನ ಸೆಕೆಯಲ್ಲೂ ಬೆಳಿಗ್ಗೆ ಎದ್ದು ಚಾಪೆ ಹಾಸುವವಳೇ. ಆ ಹುಡುಗನಿಗೂ ನಾನೇ ಮಾಡಿಸುತ್ತೇನೆ. ಅವನಿಗೆ ಒಳ್ಳೆಯದೇ ಆಗಿದೆ. ಆದರೆ ಆ ಒಳ್ಳೆಯದಕ್ಕೂ ಅವನ ಹಿಮೋಗ್ಲೋಬಿನ್‌ಗೂ ಸಂಬಂಧವಿಲ್ಲ.

ನಮ್ಮ ಕಡೆ ರಕ್ತದ ಕಾಯಿಲೆ ಅಂದರೆ ಎಲ್ಲರ ಮನಸ್ಸಿಗೂ ಬರೋದು ಒಂದೇ, ಕಬ್ಬಿಣಾಂಶ ಕಡಿಮೆ ಆಗಿರೋದು. ಅದರಲ್ಲಿ ತಪ್ಪೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಹಾಗಾಗಿ ಯಾರ ಮುಖ ಬಿಳಿಚಿದರೂ ಬೀಟ್‌ರೂಟ್, ಖರ್ಜೂರ, ಶೇಂಗಾ ಬೆಲ್ಲ ಅಂತ ಪಟ್ಟಿ ಶುರುವಾಗುತ್ತದೆ.

ಥಲಸ್ಸೇಮಿಯಾ ಮಗುವಿನ ಕಥೆ ಇದಕ್ಕೆ ತದ್ವಿರುದ್ಧ. ಹಿಮೋಗ್ಲೋಬಿನ್ ಕಟ್ಟುವ ಜೀನಿನಲ್ಲೇ ದೋಷ ಇರುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಿರುತ್ತದೆ. ಅದಕ್ಕೇ ಎರಡು ವಾರದಿಂದ ನಾಲ್ಕು ವಾರಕ್ಕೊಮ್ಮೆ ಹೊರಗಿನ ರಕ್ತ ಬೇಕು. ಒಂದು ಚೀಲ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ. ನಮ್ಮ ದೇಹ ದಿನಕ್ಕೆ ಹೊರಗೆ ಹಾಕೋದು ಸುಮಾರು ಒಂದು ಮಿಲಿಗ್ರಾಂ ಅಷ್ಟೇ. ಉಳಿದದ್ದೆಲ್ಲ ಲಿವರ್‌ನಲ್ಲಿ, ಹೃದಯದಲ್ಲಿ, ಗ್ರಂಥಿಗಳಲ್ಲಿ ಕೂರುತ್ತದೆ. ಇಂಥ ಮಗುವಿಗೆ ಡಾಕ್ಟರನ್ನು ಕೇಳದೆ ಕಬ್ಬಿಣದ ಟಾನಿಕ್ ಕುಡಿಸೋದು ಅಂದರೆ ಏನು ಅಂತ ನೀವೇ ಯೋಚಿಸಿ. ಯೋಗ ಕ್ಲಾಸಿನಲ್ಲಿ ಆಹಾರದ ಸಲಹೆ ಕೊಡುವವರೂ ಸ್ವಲ್ಪ ಯೋಚಿಸಿದರೆ ಒಳ್ಳೆಯದು. ರಕ್ತಹೀನತೆ ಇರುವ ಹೆಂಗಸು ಊಟದ ಜೊತೆ ಚಹಾ ಕುಡಿಯಬಾರದು, ಕಬ್ಬಿಣ ಹೀರಲು ಅದು ಬಿಡಲ್ಲ. ಅದೇ ಕಾರಣಕ್ಕೆ ಕೆಲವು ಥಲಸ್ಸೇಮಿಯಾದವರಿಗೆ ಊಟದ ಜೊತೆ ಚಹಾ ಕುಡಿಯಿರಿ ಅಂತ ಡಾಕ್ಟರೇ ಹೇಳುವುದುಂಟು. ಒಂದೇ ಚಾಪೆ ಸಾಲಿನಲ್ಲಿ ಈ ಇಬ್ಬರೂ ಕೂತಿರಬಹುದು, ಅಲ್ವಾ?

ಹಾಗಾದರೆ ಯೋಗ ನಮಗೆ ಏನು ಕೊಟ್ಟಿತು?

ಮೊದಲನೆಯದು ಮಾತ್ರೆ. ಸೇರಿಕೊಂಡ ಕಬ್ಬಿಣವನ್ನು ಹೊರಗೆ ಹಾಕಲು ಡೆಫೆರಾಸಿರಾಕ್ಸ್ ಮಾತ್ರೆ ಕೊಡುತ್ತಾರೆ. ನಮ್ಮ ಹುಡುಗನದು ನೀರಲ್ಲಿ ಕರಗಿಸಿ ಕುಡಿಯುವ ನಮೂನೆ. ಖಾಲಿ ಹೊಟ್ಟೆಗೆ ಕುಡಿಯಬೇಕು, ಆಮೇಲೆ ಅರ್ಧ ಗಂಟೆಯಾದರೂ ಏನೂ ತಿನ್ನಬಾರದು. ಗಾಜಿನ ಲೋಟದಲ್ಲಿ ಕಲಕಿ ಕುಡಿದ ಮೇಲೂ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ. ಇನ್ನೊಂದು ಗುಟುಕು ನೀರು ಹಾಕಿ ಅದನ್ನೂ ಕುಡಿಯಬೇಕು. ಹದಿಮೂರು ವರ್ಷದ ಹುಡುಗನಿಗೆ ಆ ಅರ್ಧ ಗಂಟೆ ಅಂದರೆ ಶಿಕ್ಷೆ. ಅಡುಗೆಮನೆಯಲ್ಲಿ ಒಗ್ಗರಣೆ ವಾಸನೆ, ಇವನು ಕೂತು ಗಡಿಯಾರ ನೋಡಬೇಕು. ಮಾತ್ರೆ ತಪ್ಪಿಸಲು ಇದೇ ದೊಡ್ಡ ನೆಪ ಆಗಿತ್ತು. ಆ ಅರ್ಧ ಗಂಟೆಗೆ ಚಾಪೆ ಹಾಕಿದೆವು. ಲೋಟ ಖಾಲಿ, ಚಾಪೆ ಮೇಲೆ. ಚಾಪೆ ಸುತ್ತಿದ ಕೂಡಲೇ ನಾಷ್ಟಾ. ಈಗ ಮಾತ್ರೆ ತಪ್ಪೋದು ತೀರಾ ಅಪರೂಪ. ಕಬ್ಬಿಣ ಇಳಿಸುತ್ತಿರೋದು ಮಾತ್ರೆಯೇ. ಆದರೆ ಮಾತ್ರೆ ಹೊಟ್ಟೆಗೆ ಹೋಗುವ ಹಾಗೆ ಮಾಡಿದ್ದು ಯೋಗ. ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಡ.

ಎರಡನೆಯದು ಸೂಜಿ. ರಕ್ತ ಹಾಕಿಸುವ ದಿನ ವಾರ್ಡಿನಲ್ಲಿ ನರ ಸಿಗದೆ ಒದ್ದಾಟ. ಇಷ್ಟು ವರ್ಷ ಚುಚ್ಚಿ ಚುಚ್ಚಿ ಅವನ ಕೈ ಹಿಂಬದಿ ಗಟ್ಟಿಯಾಗಿದೆ. ಸಿಸ್ಟರ್ ಕೈಗೆ ಪಟ್ಟಿ ಬಿಗಿದ ಕೂಡಲೇ ಮೊದಲೆಲ್ಲ ಅವನು ಉಸಿರು ಕಟ್ಟಿ, ಭುಜ ಕಿವಿಗೇರಿಸಿ ಕೂರುತ್ತಿದ್ದ. "ಉಸಿರು ಬಿಗಿ ಹಿಡೀಬ್ಯಾಡಪ ತಮ್ಮಾ, ಬಿಡು, ಬಿಡು" ಅಂತ ಅವರು ಹೇಳಿದ್ದೇ ಹೇಳಿದ್ದು. ಮನೆಯಲ್ಲಿ ಭ್ರಾಮರಿ, ಅಂದರೆ ದುಂಬಿಯ ಹಾಗೆ ಹಮ್ ಅನ್ನುತ್ತಾ ಉಸಿರು ಬಿಡುವ ಪ್ರಾಣಾಯಾಮ, ಮಾಡಿ ಮಾಡಿ ಅವನಿಗೆ ಉಸಿರನ್ನು ಉದ್ದಕ್ಕೆ ಬಿಡೋದು ರೂಢಿಯಾಗಿದೆ. ಈಗ ಸೂಜಿ ಹತ್ತಿರ ಬಂದಾಗ ಬಾಯಿ ಮುಚ್ಚಿ ಸಣ್ಣಗೆ ಹಮ್ ಅಂತಾನೆ. ಪಕ್ಕದ ಮಂಚದ ಸಣ್ಣ ಹುಡುಗಿ ಅವನನ್ನು ನೋಡಿ ನಗುತ್ತಾಳೆ, ಆಮೇಲೆ ತಾನೂ ಹಮ್ ಅಂತಾಳೆ. ನೋವು ಹೋಗಲ್ಲ. ಗಾಬರಿ ಕಮ್ಮಿ ಆಗುತ್ತೆ.

ಒಂದು ಚೀಲ ಇಳಿಯಲು ಮೂರು ನಾಲ್ಕು ಗಂಟೆ. ಕೈಗೆ ರಟ್ಟು ಕಟ್ಟಿರುತ್ತಾರೆ, ಆ ಕೈ ಅಲ್ಲಾಡಿಸುವಂತಿಲ್ಲ. ಪಾದ ಆಡಿಸೋದು, ಕುತ್ತಿಗೆ ನಿಧಾನ ತಿರುಗಿಸೋದು, ಇನ್ನೊಂದು ಭುಜ ಸುತ್ತೋದು, ಇಷ್ಟು ಮಾಡಬಹುದು. ಬಾಕಿ ಹೊತ್ತು ಮೊಬೈಲ್ ಗೇಮ್. ನಾನೇನೂ ಬೇಡ ಅನ್ನಲ್ಲ.

ಇನ್ನು ಆಸನ. ನಮ್ಮ ಬಡಾವಣೆಯ ಪಾರ್ಕಿನ ಕ್ಲಾಸಿಗೆ ಒಮ್ಮೆ ಅವನನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರಿಗೂ ಹೊಟ್ಟೆ ಮೇಲೆ ಮಲಗಿ ಮಾಡುವ ಧನುರಾಸನ, ಎಲ್ಲರಿಗೂ ಕಪಾಲಭಾತಿ. ಇವನಿಗೆ ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆ, ಎಡಪಕ್ಕೆ ಕೆಳಗೆ ಮುಟ್ಟಿದರೆ ಕೈಗೆ ಸಿಗುತ್ತದೆ, ಹೊಟ್ಟೆ ಮೇಲೆ ಒತ್ತಡ ಬೇಡ ಅಂತ ಡಾಕ್ಟರು ಹೇಳಿದ್ದಾರೆ ಅಂದೆ. "ಏನೂ ಆಗಂಗಿಲ್ರಿ ಮೇಡಂ, ಮಾಡ್ಲಿ ಬಿಡ್ರಿ, ತಾನೇ ಕರಗತದ" ಅಂದರು ಕ್ಲಾಸ್ ತಗೊಳ್ಳುವವರು. ಮರುದಿನದಿಂದ ನಮ್ಮ ಪಡಸಾಲೆಯೇ ಪಾರ್ಕು.

ಮನೆಯಲ್ಲಿ ತಾಡಾಸನ, ಗೋಡೆ ಹಿಡಿದು ವೃಕ್ಷಾಸನ, ಕುರ್ಚಿ ಮೇಲೆ ಕೂತು ಮೈ ತಿರುಗಿಸೋದು. ಥಲಸ್ಸೇಮಿಯಾದಲ್ಲಿ ಮೂಳೆ ತೆಳುವಾಗುತ್ತದೆ, ಆದ್ದರಿಂದ ನಿಂತು ಮಾಡುವ ಆಸನ ಒಳ್ಳೆಯದು. ಜಗ್ಗಿ ಬಗ್ಗಿಸೋದು ಬೇಡ. ಕೊನೆಗೆ ನಮ್ಮಮ್ಮ ಹೊಲಿದ ಹಳೇ ಕೌದಿಗಳನ್ನು ಮಡಚಿ ಬೆನ್ನಿಗೆ, ಮೊಣಕಾಲಿಗೆ ಕೊಟ್ಟು ಮಲಗಿಸೋದು. ಇದು ಕಾಟಾಚಾರದ ಯೋಗ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಸಣ್ಣವರಿದ್ದಾಗ ಕಾಯಿಲೆ ಮೇಲೆ ಕಾಯಿಲೆ ಅನುಭವಿಸಿದವರು. ಹಗ್ಗ, ಕುರ್ಚಿ, ದಿಂಬು, ಮರದ ತುಂಡು ಇಟ್ಟು ಆಸನ ಮಾಡಿಸೋದನ್ನು ಪ್ರಪಂಚಕ್ಕೆಲ್ಲ ಕಲಿಸಿದ್ದು ಅವರೇ. ಅವರ ದಿಂಬಿನ ಜಾಗದಲ್ಲಿ ನಮ್ಮ ಕೌದಿ, ಅಷ್ಟೇ.

ಇದಕ್ಕೂ ಒಂದು ಲೆಕ್ಕ ಇದೆ. ರಕ್ತ ಹಾಕಿಸಿದ ಮೇಲಿನ ವಾರ ಅವನು ಚಿಗರಿ. ಮುಂದಿನ ಸರದಿ ಹತ್ತಿರ ಬಂದಂತೆ ಹಿಮೋಗ್ಲೋಬಿನ್ ಇಳಿಯುತ್ತದೆ, ಮೆಟ್ಟಿಲು ಹತ್ತಿದರೂ ಎದೆ ಬಡಿದುಕೊಳ್ಳುತ್ತದೆ. "ಚಿಕ್ಕಮ್ಮ, ಇವತ್ತು ಆಗಂಗಿಲ್ಲ, ಕಾಲು ಎಳ್ಯಾಕತ್ತಾವ" ಅಂದರೆ ಆ ದಿನ ಬರೀ ಶವಾಸನ. ಅವನನ್ನು ಹುರಿದುಂಬಿಸಲು ಹೋಗಲ್ಲ. ದಿನ ತಪ್ಪಿಸಬಾರದು ಅನ್ನೋ ನಿಯಮ ನನ್ನ ನಿಮ್ಮಂಥವರಿಗೆ ಸರಿ, ಅವನಿಗಲ್ಲ.

ಬೇರೆ ಕಾಯಿಲೆಗಳಿಗೆ ಲೆಕ್ಕ ಬೇರೆ. ಹಿಮೋಫಿಲಿಯಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅಥವಾ 9 ಕಡಿಮೆ ಇರುತ್ತದೆ. ರಕ್ತ ಒಳಗೇ ಸೋರಿ ಮೊಣಕಾಲು, ಮೊಣಕೈ, ಪಾದದ ಕೀಲು ಹಾಳಾಗುತ್ತವೆ. ಅಂಥ ಮೊಣಕಾಲನ್ನು ಪದ್ಮಾಸನಕ್ಕೆ ಮಡಚಬಾರದು. ಕೀಲಿನ ಸುತ್ತ ಮಾಂಸಖಂಡ ಗಟ್ಟಿಯಾದರೆ ಕೀಲಿಗೆ ಆಸರೆ ಸಿಗುತ್ತದೆ ನಿಜ, ಆದರೆ ಕೀಲು ಊದಿ ಬಿಸಿಯಾಗಿದ್ದ ದಿನ ಫ್ಯಾಕ್ಟರ್, ಐಸು, ವಿಶ್ರಾಂತಿ. ಆಸನ ಆಮೇಲೆ ನೋಡೋಣ. ಕ್ಯಾನ್ಸರಿಗೆ ಕಿಮೋ ನಡೆಯುತ್ತಿದ್ದು ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ತೀರಾ ಇಳಿದವರು ಶೀರ್ಷಾಸನ, ಸರ್ವಾಂಗಾಸನದ ಹತ್ತಿರವೂ ಹೋಗಬಾರದು.

ಸಿಕಲ್ ಸೆಲ್ ನಮ್ಮ ರಾಜ್ಯದಲ್ಲಿ ಮೈಸೂರು, ಚಾಮರಾಜನಗರ ಕಡೆಯ ಆದಿವಾಸಿಗಳಲ್ಲಿ ಜಾಸ್ತಿ. ಅಂಥವರು ಕೆಲಸಕ್ಕೆ ಅಂತ ನಮ್ಮ ಕಡೆ ಬಂದರೆ ಮೇ ತಿಂಗಳ ಬಿಸಿಲೇ ಸಾಕು. ಮೈಯಲ್ಲಿ ನೀರು ಕಮ್ಮಿಯಾದರೆ ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಪ್ರಾಣ ಹೋಗುವಂಥ ನೋವು. ಅವರಿಗೆ ಬೆವರಿಳಿಸುವ ಯೋಗ, ಉಸಿರು ಕಟ್ಟಿ ಹಿಡಿಯುವ ಕುಂಭಕ ಬೇಡ. ಹಗುರಾದ ಯೋಗದ ಬಗ್ಗೆ ಒಂದು ಅಧ್ಯಯನ ನ್ಯೂಯಾರ್ಕ್‌ನ ಮಕ್ಕಳ ಆಸ್ಪತ್ರೆಯಲ್ಲಿ ನಡೆದಿದೆ, 2017ರಲ್ಲಿ ಪ್ರಕಟವಾಯಿತು. ನೋವಿಗೆ ದಾಖಲಾದ ಸುಮಾರು 70 ಮಕ್ಕಳಲ್ಲಿ ಯೋಗ ಮಾಡಿದವರ ನೋವಿನ ಅಂಕ ಒಂದೇ ಸಲಕ್ಕೆ ಸ್ವಲ್ಪ ಇಳಿಯಿತು. ಹತ್ತಕ್ಕೆ ಅರ್ಧ ಅಂಕಕ್ಕಿಂತ ಚೂರು ಜಾಸ್ತಿ. ಆಸ್ಪತ್ರೆಯಲ್ಲಿ ಇದ್ದ ದಿನಗಳಾಗಲಿ, ನೋವಿನ ಔಷಧಿಯಾಗಲಿ ಕಡಿಮೆ ಆಗಲಿಲ್ಲ. ನನಗೆ ಈ ಫಲಿತಾಂಶ ಇಷ್ಟ. ಸಣ್ಣ ಲಾಭ, ಸಣ್ಣದು ಅಂತಲೇ ಬರೆದಿದ್ದಾರೆ. ನಮ್ಮ ವಿಡಿಯೊ ಮಾಡುವವರಿಗೆ ಈ ಬುದ್ಧಿ ಯಾವಾಗ ಬರುತ್ತದೋ.

ನಡುವೆ ಇನ್ನೊಂದು ಮಾತು. ನಮ್ಮ ಅಕ್ಕನನ್ನು ಕೊಟ್ಟಿದ್ದು ಸೋದರಮಾವನಿಗೇ. ನಮ್ಮ ಕಡೆ ಅದೇನು ಹೊಸದಲ್ಲ. ಇಬ್ಬರೂ ಗಟ್ಟಿಮುಟ್ಟು, ಇಬ್ಬರೂ ಕ್ಯಾರಿಯರ್, ಅಂದರೆ ದೋಷದ ಜೀನು ಒಂದೇ ಇದ್ದು ತಮಗೆ ಕಾಯಿಲೆ ಇಲ್ಲದವರು. ಅಂಥ ಜೋಡಿಗೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ಎಚ್‌ಬಿಎ2 ರಕ್ತಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತು. ಜಾತಕ ಮಾತ್ರ ಎರಡು ಕಡೆ ತೋರಿಸಿದ್ದರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಇನ್ನೂ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸದವರು ಅರ್ಜಿ ಹಾಕಿ.

ಪ್ರತಿ ವರ್ಷ ಜೂನ್ 21ರ ಯೋಗ ದಿನಕ್ಕೆ ಸ್ಟೇಡಿಯಂನಲ್ಲಿ ಸಾಲು ಸಾಲು ಚಾಪೆ, ಬಿಳಿ ಟೀಶರ್ಟ್, ಮೈಕು. ಚೆನ್ನಾಗಿರುತ್ತದೆ, ನಾನೂ ಹೋಗುತ್ತೇನೆ. ಆದರೆ ಯೋಗ ನಿಜವಾಗಿ ಬೇಕಾಗಿರೋದು ರಕ್ತ ಹಾಕುವ ವಾರ್ಡಿನಲ್ಲಿ. ಮಕ್ಕಳು ಗಂಟೆಗಟ್ಟಲೆ ಸುಮ್ನೆ ಮಲಗಿರುತ್ತಾರೆ. ಅವರಿಗಿಂತ ಸುಸ್ತಾದ ತಾಯಂದಿರು ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಾರೆ. ಡಾಕ್ಟರೂ ಅಲ್ಲೇ, ಕೇಸ್ ಪೇಪರೂ ಅಲ್ಲೇ. ಯಾವ ಮಗುವಿಗೆ ಗುಲ್ಮ ದೊಡ್ಡದು, ಯಾರ ಹೃದಯದಲ್ಲಿ ಕಬ್ಬಿಣ ಸೇರಿದೆ ಅಂತ ಕೇಳಿ ತಿಳಿದು ಕಲಿಸಬಹುದು. ಐದೂವರೆ ವರ್ಷ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದ ವೈದ್ಯರು ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ವಾರಕ್ಕೆ ಒಂದು ದಿನ ಒಬ್ಬರು ಬಂದರೂ ಸಾಕು.

ಈ ಪೋಸ್ಟ್ ಓದುವವರಲ್ಲಿ ರಾಯಚೂರು, ಸಿಂಧನೂರು, ಮಾನ್ವಿ ಕಡೆಯ ಬಿಎನ್‌ವೈಎಸ್ ಅಥವಾ ಫಿಸಿಯೋಥೆರಪಿ ಓದಿದವರು ಇದ್ದು, ತಿಂಗಳಲ್ಲಿ ಒಂದೆರಡು ಮಧ್ಯಾಹ್ನ ಬರಲು ಮನಸ್ಸಿದ್ದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ. ನಾಲ್ಕು ಜನ ತಾಯಂದಿರು ಸೇರಿ ಆಸ್ಪತ್ರೆಯವರ ಹತ್ತಿರ ಮಾತಾಡುತ್ತೇವೆ. ಕಪಾಲಭಾತಿ ವಿಡಿಯೊ ಕಳಿಸಬೇಡಿ, ಅದು ಈಗಾಗಲೇ ನನ್ನ ಹತ್ತಿರ ಇದೆ.