‘ತಪ್ಪಾಯ್ತು’ ಅನ್ನುವ ಮುಂಚೆ

ಹೋದ ವರ್ಷ ಹಾಸನದ ಕಡೆಯ ಹುಡುಗನೊಬ್ಬನ ಜೊತೆ ಇಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮುನಿಸಿಪಲ್ ಕೋರ್ಟಿಗೆ ಹೋಗಿದ್ದೆ. ಅಂಗಡಿಯಲ್ಲಿ ನಾವೇ ಬಿಲ್ ಮಾಡಿಕೊಳ್ಳುವ ಮಷಿನ್ ಇರುತ್ತದಲ್ಲ, ಅದರ ಮುಂದೆ ಊರಿನವರ ಜೊತೆ ಫೋನಿನಲ್ಲಿ ಮಾತಾಡುತ್ತಾ ಎರಡು ಸಾಮಾನು ಸ್ಕ್ಯಾನ್ ಮಾಡದೆ ಚೀಲಕ್ಕೆ ಹಾಕಿಬಿಟ್ಟಿದ್ದ. 30 ಡಾಲರ್ ಕೂಡ ಆಗದ ಸಾಮಾನು. ಕೈಗೆ ಸಮನ್ಸ್ ಬಂತು. “ಅಣ್ಣಾ, ತಪ್ಪಾಯ್ತು ಅಂತ ದಂಡ ಕಟ್ಟಿ ಬಂದುಬಿಡ್ತೀನಿ. ಸುಮ್ನೆ ವಕೀಲರು ಯಾಕೆ?” ಅಂದ.

ನಮ್ಮೂರಲ್ಲಿ ಬೆಳೆದವರಿಗೆ ಮೊದಲು ಹೊಳೆಯುವುದೇ ಇದು. ಸಣ್ಣಪುಟ್ಟ ಕೇಸಿನಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಒಪ್ಪಿಕೊಂಡು, ದಂಡ ಕಟ್ಟಿ ಬಂದವರನ್ನು ನೋಡಿದ್ದೇವೆ. ವರ್ಷಗಟ್ಟಲೆ ವಾಯಿದೆಗೆ ಅಲೆಯುವುದಕ್ಕಿಂತ ಅದೇ ವಾಸಿ ಅನ್ನಿಸುತ್ತದೆ. ಅಲ್ಲೂ ಅದು ಅಪರಾಧ ಸಾಬೀತಾದ ಹಾಗೆಯೇ. ಆದರೆ ವೀಸಾ ಮೇಲೆ ಬಂದವರಿಗೆ ಇಲ್ಲಿ ಅದರ ಪೆಟ್ಟು ಬಹಳ ಜೋರು.

200 ಡಾಲರಿಗಿಂತ ಕಡಿಮೆ ಬೆಲೆಯ ಅಂಗಡಿ ಕಳ್ಳತನವನ್ನು ನ್ಯೂಜೆರ್ಸಿ ಕಾನೂನು ‘ಕ್ರೈಮ್’ ಅಂತ ಕರೆಯುವುದೇ ಇಲ್ಲ. ಅದಕ್ಕೆ ‘ಡಿಸಾರ್ಡರ್ಲಿ ಪರ್ಸನ್ಸ್’ ಅಪರಾಧ ಎನ್ನುತ್ತಾರೆ. ಜ್ಯೂರಿ ಇಲ್ಲ, ಜಡ್ಜ್ ಒಬ್ಬರೇ. ಆದರೂ 6 ತಿಂಗಳವರೆಗೆ ಜೈಲು ಆಗಬಹುದು. ಇಮಿಗ್ರೇಷನ್‌ನವರ ಲೆಕ್ಕವೇ ಬೇರೆ. ‘ಗಿಲ್ಟಿ’ ಎಂದು ಒಪ್ಪಿಕೊಂಡು ಸಣ್ಣ ಶಿಕ್ಷೆಯಾದರೂ ಅವರ ಪಾಲಿಗೆ ಅದು ಕನ್ವಿಕ್ಷನ್, ಅಂದರೆ ಅಪರಾಧ ಸಾಬೀತಾದ ಹಾಗೆ. ಕಳ್ಳತನ ಅಂದರೆ ನಡತೆಗೆಟ್ಟ ಅಪರಾಧ. ಮುಂದೆ ವೀಸಾಕ್ಕೂ ಗ್ರೀನ್ ಕಾರ್ಡಿಗೂ ಅಡ್ಡ ಬರಬಹುದು. ಒಪ್ಪಿಕೊಂಡರೆ ಗಡೀಪಾರಿನ ಭಯ ಇದೆಯೇ ಅಂತ ವಕೀಲರು ಕಕ್ಷಿದಾರನಿಗೆ ತಿಳಿಸಲೇಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ನಾವು ಹಿಡಿದ ವಕೀಲರು ಕೇಳಿದ ಮೊದಲ ಪ್ರಶ್ನೆಯೂ ಅದೇ: “ನಿನ್ನದು ಯಾವ ವೀಸಾ?”

ಇನ್ನೊಂದು ಅಭ್ಯಾಸ ನನಗೆ ಇನ್ನೂ ಜಾಸ್ತಿ ಭಯ ತರುತ್ತದೆ. ಪೊಲೀಸರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರೆ ಅವರಿಗೆ ಅರ್ಥವಾಗುತ್ತದೆ ಅಂತ ನಾವು ನಂಬುತ್ತೇವೆ. ಭಾರತದಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ಬ್ರಿಟಿಷರ ಕಾಲದಿಂದ ಬಂದ ಈ ನಿಯಮ ಹೊಸ ಸಾಕ್ಷ್ಯ ಕಾನೂನಿನಲ್ಲೂ ಉಳಿದಿದೆ. ಅದು ದೊಡ್ಡ ರಕ್ಷಣೆ, ಅಲ್ವಾ? ಅಮೆರಿಕದಲ್ಲಿ ಹಾಗಿಲ್ಲ. ಆಡಿದ ಮಾತು ನಿಮ್ಮ ಮೇಲೆಯೇ ತಿರುಗುತ್ತದೆ. ‘ನೀವು ಸುಮ್ಮನಿರಬಹುದು, ವಕೀಲರನ್ನು ಕೇಳಬಹುದು’ ಎಂಬ, 1966ರ ಮಿರಾಂಡಾ ತೀರ್ಪಿನಿಂದ ಬಂದ ಎಚ್ಚರಿಕೆಯನ್ನು, ನಿಮ್ಮನ್ನು ವಶಕ್ಕೆ ತೆಗೆದುಕೊಂಡು ಪ್ರಶ್ನಿಸುವ ಮುಂಚೆ ಹೇಳಬೇಕು. ಅಂಗಡಿ ಬಾಗಿಲಲ್ಲಿ ಸುಮ್ನೆ ನಿಂತು ನೀವಾಗಿಯೇ ಹೇಳಿಕೊಂಡದ್ದಕ್ಕೆ ಆ ಕಾವಲಿಲ್ಲ. ಮರ್ಯಾದೆಯಿಂದ ಹೆಸರು, ವಿಳಾಸ ಹೇಳಿ, “ವಕೀಲರ ಜೊತೆ ಮಾತಾಡಬೇಕು” ಅಂದು ನಿಲ್ಲಿಸಬೇಕು.

ಜಾಮೀನಿನ ವಿಷಯದಲ್ಲಿ ಮಾತ್ರ ಈ ರಾಜ್ಯದ ದಾರಿ ನನಗೆ ಹಿಡಿಸಿದೆ. ಊರಲ್ಲಿ ಜಾಮೀನು ಸಿಕ್ಕ ಮೇಲೂ ಪಹಣಿ ಹಿಡಿದು ಬರುವ ಜಾಮೀನುದಾರರಿಗಾಗಿ ಮನೆಯವರು ಕಂಡಕಂಡವರ ಕಾಲು ಹಿಡಿಯುತ್ತಾರೆ. ಜಮೀನಿಲ್ಲದವನು ಒಳಗೇ ಉಳಿಯುತ್ತಾನೆ. ನ್ಯೂಜೆರ್ಸಿಯಲ್ಲಿ 2017ರ ಜನವರಿಯಿಂದ ದುಡ್ಡಿನ ಜಾಮೀನು ಹೆಚ್ಚುಕಡಿಮೆ ನಿಂತೇ ಹೋಗಿದೆ. ಆದರೆ ಬಂಧನದಲ್ಲಿರುವವನಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡುವ ಕಾನೂನು ನಮ್ಮಲ್ಲಿದೆ. ಇಲ್ಲಿ ಬಡತನ ತೋರಿಸಬೇಕು.

ಕೋರ್ಟಿನಲ್ಲಿ ಹುಡುಗನಿಗೆ ‘ನಾಟ್ ಗಿಲ್ಟಿ’ ಅನ್ನಲು ನಾಲಿಗೆ ಏಳಲಿಲ್ಲ. “ಸಾಮಾನು ಚೀಲದಲ್ಲಿ ಇದ್ದದ್ದು ನಿಜ ಅಲ್ವಾ ಅಣ್ಣಾ? ಸುಳ್ಳು ಹೇಳಿದ ಹಾಗಾಗಲ್ವಾ?” ಅಂತ ಮೆಲ್ಲಗೆ ಕೇಳಿದ. ನನಗೆ ನಮ್ಮ ಕಡೆಯ ಕಾನೂನಿನ ಮಾತು ನೆನಪಾಯಿತು. ಅಲ್ಲಿ ಆರೋಪ ಒಪ್ಪದವನು ‘ವಿಚಾರಣೆ ಆಗಲಿ ಎಂದು ಕೇಳಿಕೊಳ್ಳುತ್ತಾನೆ’. “ಅಷ್ಟೇ ಕಣೋ ಇದರರ್ಥ. ಕದಿಯೋ ಉದ್ದೇಶ ಇತ್ತು ಅಂತ ನೀವು ತೋರಿಸಿ, ಆಮೇಲೆ ನೋಡೋಣ ಅಂತ” ಅಂದೆ. ಅವನ ಮುಖ ಸ್ವಲ್ಪ ತಿಳಿಯಾಯಿತು. ಎದ್ದು ನಿಂತು ಹೇಳಿದ.

ಇಲ್ಲಿನ ಕನ್ನಡ ಸಂಘಗಳಿಗೆ ನನ್ನದೊಂದು ಕೋರಿಕೆ. ಯುಗಾದಿ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯನ್ನು ಒಬ್ಬ ವಕೀಲರಿಗೆ ಕೊಡಿ. ಈ ಮಾತುಗಳನ್ನು ಅವರು ಕನ್ನಡದಲ್ಲೇ ಹೇಳಲಿ. ಊರಿಂದ ಬಂದಿರುವ ಅಪ್ಪ ಅಮ್ಮಂದಿರೂ ಕೂತು ಕೇಳಲಿ.