ಎರಡು ‘ಬೇಡ’, ಒಂದು ಅಭಿವೃದ್ಧಿ

ಲಂಡನ್ನಿನ ದಕ್ಷಿಣಕ್ಕೆ ಕ್ರಾಯ್ಡನ್. ಅಲ್ಲೊಂದು ಟ್ರಾಮ್ ಸ್ಟಾಪ್, ಹೆಸರು ಅಡಿಸ್ಕಂಬ್. ಹಳೇ ಅಡಿಸ್ಕಂಬ್ ರೈಲ್ವೆ ಸ್ಟೇಷನ್ನೇ ಟ್ರಾಮ್ ಸ್ಟಾಪ್ ಆಗಿರಬೇಕು ಅಂದುಕೊಂಡಿರಾ? ಅಲ್ಲ. ಆ ಸ್ಟೇಷನ್ ಇದ್ದದ್ದು ಬೇರೆ ಕಡೆ, ಅಲ್ಲೀಗ ಮನೆಗಳಿವೆ. ಟ್ರಾಮ್ ನಿಲ್ಲುವುದು ಬಿಂಗ್‌ಹ್ಯಾಮ್ ರೋಡ್ ಎಂಬ ಇನ್ನೊಂದು ಸ್ಟೇಷನ್ ಇದ್ದ ಜಾಗದಲ್ಲಿ.

ಈ ಬಿಂಗ್‌ಹ್ಯಾಮ್ ರೋಡಿನ ಜಾತಕ ನೋಡಿ. 1906ರಲ್ಲಿ ತೆರೆದರು. 1915ರಲ್ಲಿ, ಯುದ್ಧ ನಡೀತಿದೆ, ಖರ್ಚು ಕಡಿಮೆಯಾಗಲಿ ಅಂತ ಮುಚ್ಚಿದರು. ಯುದ್ಧ 1918ರಲ್ಲಿ ಮುಗಿಯಿತು. ಆ ಸುದ್ದಿ ಸ್ಟೇಷನ್ನಿಗೆ ತಲುಪಿದ್ದು 1935ರಲ್ಲಿ, ಕರೆಂಟ್ ರೈಲಿನ ಜೊತೆಗೆ. ಕೊನೆಕೊನೆಗೆ ಆಫೀಸಿನ ಹೊತ್ತಿಗೆ ಮಾತ್ರ ರೈಲು ಬಿಟ್ಟರು. ಜನ ಕಡಿಮೆಯಾದರು. 1983ರಲ್ಲಿ ಮತ್ತೆ ಬೀಗ. ಮಧ್ಯಾಹ್ನ ಒಲೆಯನ್ನೇ ಹಚ್ಚದ ಹೋಟೆಲಿನವನು ಊಟಕ್ಕೆ ಗಿರಾಕಿ ಇಲ್ಲ ಅಂತ ಗೊಣಗಿದ ಹಾಗೆ.

ಟ್ರಾಮಿನ ಕಥೆಯೂ ಇದೇ. ಕ್ರಾಯ್ಡನ್ ಬೀದಿಗಳಲ್ಲಿ ಅದು ಮೊದಲೇ ಇತ್ತು. ಇನ್ನು ಬಸ್ಸೇ ಸಾಕು ಅಂತ 1951ರಲ್ಲಿ ಅದನ್ನು ಊರಿನಿಂದಲೇ ಓಡಿಸಿದರು.

2000ದಲ್ಲಿ ಬಂತು ಹೊಸ ಯೋಜನೆ: ಬೇಡವೆಂದ ರೈಲಿನ ದಾರಿಯಲ್ಲಿ ಬೇಡವೆಂದ ಟ್ರಾಮ್! ಹಳೇ ಸ್ಟೇಷನ್ ಎತ್ತರದ ಮಣ್ಣಿನ ಏರಿ ಮೇಲಿತ್ತು. ರೈಲು ಸೇತುವೆ ಮೇಲೆ, ರಸ್ತೆ ಕೆಳಗೆ, ಯಾರಿಗೂ ಯಾರೂ ಅಡ್ಡ ಇರಲಿಲ್ಲ. ಈಗ ಆ ಸೇತುವೆಯೂ ಇಲ್ಲ, ಏರಿಯೂ ಇಲ್ಲ. ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು, ಒಪ್ಪೋಣ. ಆದರೆ ಟ್ರಾಮ್ ಬಂದಾಗೆಲ್ಲ ಕಾರಿನವರು ನಿಂತು ಕಾಯಬೇಕು. 1885ರಲ್ಲಿ ಲೈನು ಹಾಕಿದವರು ಬಗೆಹರಿಸಿದ್ದ ಸಮಸ್ಯೆಯನ್ನು ಜನರಿಗೆ ಜೋಪಾನವಾಗಿ ವಾಪಸ್ ಕೊಟ್ಟಿದ್ದಾರೆ.

ಅಸಲಿ ಅಡಿಸ್ಕಂಬ್ ಸ್ಟೇಷನ್ 1864ರದ್ದು. ಟ್ರಾಮ್ ಬರಲು ಮೂರು ವರ್ಷ ಇದೆ ಅನ್ನುವಾಗ, 1997ರಲ್ಲಿ ಅದನ್ನೂ ಮುಚ್ಚಿದರು. ಅದರ ಹಳಿ ಇದ್ದ ಜಾಗದಲ್ಲಿ ಒಂದಷ್ಟು ಈಗ ಪಾರ್ಕು. ಹೆಸರು ರೈಲ್ವೆ ಪಾರ್ಕ್. ರೈಲ್ವೆ ಎಲ್ಲಿ ಅಂತ ಕೇಳಬೇಡಿ.

ಈ ಊರು ನಮಗೆ ತೀರಾ ಹೊರಗಿನದೇನಲ್ಲ. ಈಸ್ಟ್ ಇಂಡಿಯಾ ಕಂಪನಿ 1809ರಲ್ಲಿ ಅಡಿಸ್ಕಂಬ್‌ನಲ್ಲಿ ಮಿಲಿಟರಿ ಶಾಲೆ ತೆರೆಯಿತು, ಅದು 1861ರವರೆಗೆ ನಡೆಯಿತು. ಬೆಂಗಳೂರಿನ ಸ್ಯಾಂಕಿ ಕೆರೆ ಕಟ್ಟಿಸಿದ ಸ್ಯಾಂಕಿ ಸಾಹೇಬರು ಓದಿದ್ದು ಅಲ್ಲೇ. ಅದನ್ನೂ ಮುಚ್ಚಿ, ಬಹುಪಾಲು ಕೆಡವಿ, ಸೈಟು ಮಾಡಿ ಮಾರಿದರು. ಬೀದಿಗಳಿಗೆ ಔಟ್ರಮ್, ಹ್ಯಾವ್ಲಾಕ್, ಕ್ಯಾನಿಂಗ್ ಅಂತ ಇಂಡಿಯಾದಲ್ಲಿ ದರ್ಬಾರು ಮಾಡಿದವರ ಹೆಸರಿಟ್ಟರು. ಸದ್ಯ, ಈ ಶಾಲೆಯನ್ನು ಇನ್ನೂ ಯಾರೂ ಹೊಸ ಯೋಜನೆ ಅಂತ ತೆರೆದಿಲ್ಲ.