ಇನ್ನೊಂದು ಪರೀಕ್ಷೆ ಇದೆ ಅಂತ ಮೊದಲನೆಯದನ್ನು ಬಿಡಬೇಡಿ
ಉಡುಪಿ ಕಡೆಯ ಪೋಷಕರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: ಎಸ್ಸೆಸ್ಸೆಲ್ಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಮೊದಲನೆಯದಕ್ಕೆ ಕೊನೆಯ 10 ದಿನ ಓದಿದರೆ ಸಾಕು ಅಂತ. ಅರ್ಧ ಮಾತ್ರ ಸರಿ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇರುವುದು, ಜಾಸ್ತಿ ಬಂದ ಅಂಕ ಉಳಿಯುವುದು ನಿಜ. ಆದರೆ ಪಿಯು ಸೀಟು ಮೊದಲ ಫಲಿತಾಂಶ ಬಂದ ಕೂಡಲೇ ತುಂಬಲು ಶುರುವಾಗುತ್ತದೆ, ನಮ್ಮೂರ ಕಾಲೇಜುಗಳ ಎದುರಿನ ಕ್ಯೂ ನೋಡಿದ್ದೀರಲ್ವಾ?

ಇನ್ನು 10 ದಿನದ ಲೆಕ್ಕ. ಒಂದು ಪಾಠವನ್ನು ಒಂದೇ ದಿನ ನಾಲ್ಕು ಸಲ ಓದುವ ಬದಲು ಇವತ್ತು ಓದಿ, ನಾಳೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದು, ತಪ್ಪಿದ್ದನ್ನು ಮಾತ್ರ ಮತ್ತೆ ನೋಡಿ, ವಾರ ಬಿಟ್ಟು ಇನ್ನೊಮ್ಮೆ ಬರೆದರೆ ಜಾಸ್ತಿ ಉಳಿಯುತ್ತದೆ. ಹತ್ತು ದಿನದಲ್ಲಿ ಆರು ವಿಷಯಕ್ಕೆ ಇದು ಆಗುವ ಕೆಲಸವೇ ಅಲ್ಲ. ಜನವರಿಯಲ್ಲೇ ಶುರು ಮಾಡಿದರೆ ನಡುವೆ ಒಂದು ಯಕ್ಷಗಾನದ ಆಟ, ಒಂದು ಭೂತಕೋಲಕ್ಕೂ ಹೋಗಿ ಬರಬಹುದು.